ಚಿಕ್ಕಮ್ಮನ ಹದಿನೆಂಟು ಕಮಾನುಗಳು

ಹೆಣ್ಣುಮಕ್ಕಳು ಪಿಟೀಲು ಕಲಿಯುವುದೆಂದರೆ ನೋಡಲು ಬಂದ ಗಂಡಿನ ಕಡೆಯವರ ಮುಂದೆ ಒಂದು ಕೀರ್ತನೆ ನುಡಿಸುವಷ್ಟಾದರೆ ಸಾಕು ಎಂದುಕೊಂಡಿದ್ದ ಕಾಲ ಅದು. ಕೊಯಮತ್ತೂರಿನ ಬೀದಿಗಳಲ್ಲಿ ಇನ್ನೂ ಜಟಕಾಗಳು ಓಡಾಡುತ್ತಿದ್ದವು. ಗಿರಣಿಗಳಿಂದ ಹಾರಿಬಂದ ಹತ್ತಿಯ ಎಳೆ ಒಣಹಾಕಿದ ಸೀರೆಯ ಮೇಲೂ ಹಪ್ಪಳದ ಮೇಲೂ ಕೂರುತ್ತಿತ್ತು. ನಮ್ಮದು ತಲೆಮಾರುಗಳಿಂದ ಅಲ್ಲೇ ನೆಲೆಸಿದ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಂಥ ಊರಿನಲ್ಲಿ ನನ್ನ ಚಿಕ್ಕಮ್ಮ ರುಕ್ಮಿಣಿ ಹದಿನೆಂಟು ಶಾಲಾ ಹುಡುಗಿಯರನ್ನು ಕೂರಿಸಿ ಒಟ್ಟಿಗೆ ಪಿಟೀಲು ನುಡಿಸುವಂತೆ ಮಾಡಿದಳು. ಆ ಹದಿನೆಂಟರಲ್ಲಿ ನಾನೂ ಒಬ್ಬಳು. ಇದನ್ನು ಹೇಳುವಾಗ ನನಗೆ ಈಗಲೂ ಸ್ವಲ್ಪ ಜಂಬ ಬರುತ್ತದೆ, ಬರಲಿ ಬಿಡಿ.

ಚಿಕ್ಕಮ್ಮ ಮದರಾಸಿನಲ್ಲಿ ಓದುವಾಗ ಅಲ್ಲಿಯ ಕಾಲೇಜಿನ ವಾದ್ಯವೃಂದದಲ್ಲಿ ನುಡಿಸಿದ್ದಳು. ಊರಿಗೆ ಮರಳಿ ನಮ್ಮ ಶಾಲೆಯ ಸಂಗೀತದ ಟೀಚರಾದಾಗ ಅಂಥದ್ದೊಂದನ್ನು ಇಲ್ಲೂ ಕಟ್ಟುತ್ತೇನೆಂದು ಹಟ ಹಿಡಿದಳು. ಹೆಡ್‌ಮಿಸ್ಟ್ರೆಸ್ ಅರೆಮನಸ್ಸಿನಿಂದ ಒಪ್ಪಿದರು. ವಾರ್ಷಿಕೋತ್ಸವದಲ್ಲಿ ಚೆನ್ನಾಗಿ ಬಂದರೆ ಮುಂದುವರಿಸುವುದು. ಇಲ್ಲವಾದರೆ ಆ ಪೀರಿಯಡ್ಡು ಹೊಲಿಗೆಗೆ, ಚಿಕ್ಕಮ್ಮನ ಕೆಲಸವೂ ಅಲ್ಲಿಗೆ ಮುಗಿಯಿತು. ಈ ವಿಷಯ ಹತ್ತು ವರ್ಷದ ನನಗೂ ಗೊತ್ತಿತ್ತು.

ಆದರೆ ನಾನಿರುವಾಗ ಭಯವೇಕೆ ಎಂದುಕೊಂಡಿದ್ದೆ. ಅಮ್ಮನ ಅಪ್ಪ, ನಮ್ಮ ತಾತ, ನನಗೆ ಆರನೆಯ ವರ್ಷದಿಂದ ಪಿಟೀಲು ಕಲಿಸಿದ್ದರು. "ಕಣ್ಣು ಮುಚ್ಕೊಂಡು ನುಡ್ಸು ಮಗು, ಆಗ ಸ್ವರ ನೆಟ್ಟಗೆ ಕೇಳುತ್ತೆ" ಎನ್ನುತ್ತಿದ್ದರು. ಮನೆಗೆ ಬಂದವರ ಮುಂದೆ ನಾನು ಕಣ್ಣು ಮುಚ್ಚಿ ತಲೆದೂಗುತ್ತ ನುಡಿಸಿದರೆ ಹೆಂಗಸರು ಕೆನ್ನೆ ನೀವಿ ಲಟಿಕೆ ಮುರಿಯುತ್ತಿದ್ದರು. ಮಿಕ್ಕ ಹುಡುಗಿಯರಲ್ಲಿ ಅರ್ಧ ಜನ ಪಿಟೀಲು ಮುಟ್ಟಿಯೇ ಆರು ತಿಂಗಳಾಗಿರಲಿಲ್ಲ. ಮುಂದಿನ ಸಾಲಿನ ಮೊದಲ ಜಾಗದಲ್ಲಿ ನಾನಾಗಿಯೇ ಹೋಗಿ ಕೂತೆ.

ಶಾಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಭ್ಯಾಸ. ಮಧ್ಯಾಹ್ನದ ಸೆಕೆಗೆ, ಕಮಾನಿಗೆ ತಿಕ್ಕುವ ರಾಳದ ವಾಸನೆ ಗಮ್ಮೆನ್ನುತ್ತಿತ್ತು. ಗಿರಣಿಯ ಹತ್ತಿ ಅದರ ಅಂಟಿಗೆ ಹಿಡಿದು ತಂತಿಗಳಿಗೆ ಮೀಸೆ ಬಂದಂತಾಗುತ್ತಿತ್ತು. ಮೊದಲು ಅದನ್ನು ಒರೆಸಬೇಕು, ಆಮೇಲೆ ಶ್ರುತಿ. ನೆಲದ ಮೇಲೆ ಕೂತು ನುಡಿಸಿ ರೂಢಿಯಾದವರನ್ನು ಬೆಂಚಿನ ಮೇಲೆ ಕೂರಿಸಿ ಗದ್ದದ ಕೆಳಗೆ ಪಿಟೀಲು ಸಿಕ್ಕಿಸಿದಳು ಚಿಕ್ಕಮ್ಮ. ಕಾಲು ಕುಟ್ಟಿ ತಾಳ ಹಾಕುವಂತಿಲ್ಲ. ತಾಳವೆಲ್ಲ ಅವಳ ಬಲಗೈಯಲ್ಲಿ. ಕಮಾನುಗಳೆಲ್ಲ ಆ ಕೈಯ ಜೊತೆ ಇಳಿಯಬೇಕು, ಆ ಕೈಯ ಜೊತೆ ಏರಬೇಕು.

"ಎಲ್ಲಾರುಂ ಎನ್ ಕೈಯೆ ಪಾರುಂಗ" ಎನ್ನುತ್ತಿದ್ದಳು. ಎಲ್ಲರೂ ಅವಳ ಕೈ ನೋಡುತ್ತಿದ್ದರು. ನಾನು ಕಣ್ಣು ಮುಚ್ಚುತ್ತಿದ್ದೆ. ಮುಚ್ಚಿದೊಡನೆ ನನ್ನ ಪಾಡಿಗೆ ನಾನು ಇಲ್ಲೊಂದು ಗಮಕ ಸೇರಿಸಿ, ಅಲ್ಲೊಂದು ಸ್ವರ ಎಳೆದು, ಕಣ್ಣು ಬಿಟ್ಟು ನೋಡಿದರೆ ಹದಿನೇಳು ಕಮಾನು ಮೇಲೆ, ನನ್ನದೊಂದು ಕೆಳಗೆ.

ಮೂರು ಸಲ ಹೇಳಿ ನೋಡಿದಳು. ಉತ್ಸವಕ್ಕೆ ಎರಡೇ ವಾರವಿರುವಾಗ ಎಲ್ಲರೆದುರು ನನ್ನನ್ನು ಎಬ್ಬಿಸಿ ಕೊನೆಯ ಸಾಲಿಗೆ ಕಳಿಸಿದಳು. ಕೊನೆಯ ಸಾಲಿನವರ ಬೆರಳಿಗೆ ಕೆಲಸವೇ ಇಲ್ಲ. ಹಿನ್ನೆಲೆಗೆ ಬರೀ ಎರಡು ತಂತಿ, ಸ ಮತ್ತು ಪ. ಅಲ್ಲಿದ್ದ ಪಳನಿಯಮ್ಮಾಳ್, ಗಿರಣಿ ಕೆಲಸಗಾರರೊಬ್ಬರ ಮಗಳು, ಸರಿದು ಜಾಗ ಕೊಟ್ಟು ನಕ್ಕಳು. ನನಗೆ ಅಳು ಉಕ್ಕಿಬಂತು.

ಮನೆಗೆ ಬಂದವಳೇ ಊಟ ಬೇಡವೆಂದು ಮೂಲೆ ಹಿಡಿದೆ. ಚಿಕ್ಕಮ್ಮ ಕಡಲೆಕಾಯಿ ಉಂಡೆ ತಂದು ಪಕ್ಕದಲ್ಲಿಟ್ಟಳು.

"ನಂಗಿಂತ ಚೆನ್ನಾಗಿ ನುಡ್ಸೋರು ಅಲ್ಲಿ ಯಾರವ್ರೆ ಚಿಕ್ಕಮ್ಮ?" ಎಂದೆ.

"ಯಾರೂ ಇಲ್ಲ."

"ಮತ್ತೆ ನನ್ನ ಯಾಕೆ ಹಿಂದಕ್ಕೆ ತಳ್ದೆ?"

"ನೀ ಒಬ್ಳೇ ಚೆನ್ನಾಗಿ ನುಡ್ಸಿದ್ರೆ ನನ್ ವೇಲೆ ಹೋಗುತ್ತೆ ಸೀತೂ. ಅದಕ್ಕೆ."

ನಮ್ಮ ಮನೆಯ ಕನ್ನಡದಲ್ಲಿ ಕೆಲಸಕ್ಕೆ ವೇಲೆ ಎಂದೇ ಹೆಸರು. ಉಂಡೆ ತಿಂದೆ, ಕೋಪ ಬಿಡಲಿಲ್ಲ. ಆ ಎರಡು ವಾರ ಬಿಡುವಿನಲ್ಲಿ ಪಳನಿಯಮ್ಮಾಳ್ ಜೊತೆ ಕಲ್ಲಾಟ ಆಡಿದೆನೇ ಹೊರತು ಪಿಟೀಲಿನ ಸುದ್ದಿ ಎತ್ತಲಿಲ್ಲ.

ಉತ್ಸವದ ಸಂಜೆ ಶಾಲೆಯ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಎದುರಿಗೆ ಹೆಡ್‌ಮಿಸ್ಟ್ರೆಸ್ಸು, ಅತಿಥಿಗಳು, ಅವರ ಹಿಂದೆ ತಾತ. ಅತಿಥಿಗಳಲ್ಲೊಬ್ಬರ ಭಾಷಣ ಮುಗಿಯುವ ಲಕ್ಷಣವೇ ಕಾಣದೆ, ನಾವು ವೇದಿಕೆ ಹತ್ತುವಾಗ ಅರ್ಧ ಗಂಟೆ ತಡವಾಗಿತ್ತು. ಶಂಕರಾಭರಣದಲ್ಲಿ ಚಿಕ್ಕಮ್ಮ ತಾನೇ ಕಟ್ಟಿದ್ದ ಪುಟ್ಟ ರಚನೆ. ಕೈ ಎತ್ತಿದಳು, ಶುರುಮಾಡಿದೆವು. ಚೆನ್ನಾಗಿಯೇ ಸಾಗಿತ್ತು. ನಡುವಿಗೆ ಬರುವಷ್ಟರಲ್ಲಿ ಗೋಡೆಯಾಚೆಯ ಗಿರಣಿಯ ಸಂಗು ಕೂಗಿತು.

ಸಂಗು ಎಂದರೆ ಪಾಳಿ ಬದಲಾಗುವಾಗ ಊದುವ ಸೈರನ್ನು. ಅದನ್ನು ಕೇಳಿಯೇ ನಮ್ಮ ಬೀದಿಯವರು ಒಲೆ ಹಚ್ಚುತ್ತಿದ್ದರು. ಹುಟ್ಟಿದಾಗಿನಿಂದ ಕೇಳಿ ಕೇಳಿ ನಮಗದು ಕೇಳುವುದೇ ನಿಂತುಹೋಗಿತ್ತು. ಅದು ಕೂಗುವ ಮೊದಲೇ ನುಡಿಸಿ ಮುಗಿಸಬೇಕೆಂದು ಒಬ್ಬರಿಗಾದರೂ ಹೊಳೆಯಬೇಡವೇ? ಹೊಳೆದಿರಲಿಲ್ಲ.

ನನ್ನ ಪಿಟೀಲು ನನಗೇ ಕೇಳದಾಯಿತು. ರೂಢಿಯಂತೆ ಕಣ್ಣು ಮುಚ್ಚಿದೆ. ಒಳಗೂ ಅದೇ ಸಂಗು. ಈಗ ತಪ್ಪಿದರೆ ಚಿಕ್ಕಮ್ಮನ ಕೆಲಸ ಹೋಯಿತು ಎಂದುಕೊಂಡು ಕಣ್ಣು ಬಿಟ್ಟೆ. ಪಳನಿಯಮ್ಮಾಳ್ ಏನೂ ಆಗದವಳಂತೆ ಕಮಾನು ಎಳೆಯುತ್ತಿದ್ದಳು. ಗಿರಣಿಯ ವಠಾರದಲ್ಲಿ, ಸಂಗಿನ ಬುಡದಲ್ಲೇ ಬೆಳೆದವಳಿಗೆ ಇದೇನು ಮಹಾ. ಅವಳ ನೋಟ ಚಿಕ್ಕಮ್ಮನ ಕೈಮೇಲಿತ್ತು. ನಾನೂ ಅಲ್ಲೇ ನೋಡಿದೆ. ಆ ಕೈ ಅವಸರವಿಲ್ಲದೆ ಇಳಿಯುತ್ತಿತ್ತು, ಏರುತ್ತಿತ್ತು. ನಾನೂ ಇಳಿಸಿದೆ, ಏರಿಸಿದೆ. ಒಂದು ಸ್ವರವೂ ಯಾರಿಗೂ ಕೇಳಿಸುತ್ತಿರಲಿಲ್ಲ. ಜನರೆಲ್ಲ ಹದಿನೆಂಟು ಕಮಾನುಗಳು ಒಂದಾಗಿ ಓಡಾಡುವುದನ್ನು ನೋಡುತ್ತ ಕೂತಿದ್ದರು.

ಸಂಗು ನಿಂತಿತು. ನಮ್ಮ ರಾಗ ಎಲ್ಲಿರಬೇಕಿತ್ತೋ ಅಲ್ಲೇ ಇತ್ತು. ಒಬ್ಬಳೂ ಮುಂದಿಲ್ಲ, ಒಬ್ಬಳೂ ಹಿಂದಿಲ್ಲ. ಮೈ ಜುಮ್ಮೆಂದಿತು ನನಗೆ. ಇನ್ನೂ ನುಡಿಸುತ್ತಿರುವಾಗಲೇ ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿದರು, ಮುಗಿಸಿದಾಗ ಇಡೀ ಚಪ್ಪರವೇ ತಟ್ಟಿತು. ಹೆಡ್‌ಮಿಸ್ಟ್ರೆಸ್ ಎದ್ದು ನಿಂತಿದ್ದರು. ತಾತ ಶಲ್ಯದಿಂದ ಕಣ್ಣೊರೆಸಿಕೊಳ್ಳುತ್ತ, ಅಕ್ಕಪಕ್ಕದವರಿಗೆಲ್ಲ "ನಮ್ಮ ಪೊಣ್ಣುಂಗ, ನಮ್ಮ ಹುಡುಗಿ" ಎಂದು ತೋರಿಸುತ್ತಿದ್ದರಂತೆ. ನನ್ನನ್ನಲ್ಲ, ಚಿಕ್ಕಮ್ಮನನ್ನು.

ಹೊಲಿಗೆಯ ಮಾತು ಮತ್ತೆ ಏಳಲಿಲ್ಲ. ಮರುವಾರ ಚಿಕ್ಕಮ್ಮ, "ಇನ್ನು ಮುಂದಿನ ಸಾಲಿಗೆ ಬಾ" ಎಂದಳು. "ಪಳನಿಯಮ್ಮಾಳೂ ಬರ್ಲಿ" ಎಂದೆ. ಇಬ್ಬರೂ ಹೋದೆವು.

ಐದು ವರ್ಷ ನಡೆಯಿತು ಅದು. ಆಮೇಲೆ ಚಿಕ್ಕಮ್ಮ ಮದುವೆಯಾಗಿ ಬೇರೆ ಊರಿಗೆ ಹೋದಳು. ಅವಳ ಜಾಗಕ್ಕೆ ಬಂದವರು ಒಬ್ಬೊಬ್ಬರಿಗೇ ಪಾಠ ಹೇಳಿ ಸ್ಪರ್ಧೆಗೆ ಕಳಿಸತೊಡಗಿದರು. ನಾನೂ ಹೋಗಿ ಕಪ್ಪು ಗೆದ್ದೆ. ಮುಂದೆ ಕಚೇರಿ ಮಾಡಿದೆ, ಶಾಲು ಹೊದ್ದೆ. ಈಗ ನನ್ನ ಬಳಿ ಕಲಿಯುವ ಮಕ್ಕಳು ನಮಗಿಂತ ಚುರುಕು. ಆದರೆ ಬಂದ ಮೊದಲ ದಿನವೇ ಅವರ ತಾಯಂದಿರು, "ಇವ್ಳು ಯಾವಾಗ ಒಬ್ಳೇ ಸ್ಟೇಜ್ ಹತ್ಬೋದು ಮಾಮಿ?" ಎಂದು ಕೇಳುತ್ತಾರೆ. ನಾಲ್ವರನ್ನು ಜೊತೆಗೆ ಕೂರಿಸೋಣವೆಂದರೆ ನಾಲ್ವರಿಗೂ ಒಂದೇ ಹೊತ್ತಿಗೆ ಬಿಡುವಿರುವುದಿಲ್ಲ. ಕೈ ಎತ್ತಿ ನಡೆಸುವುದನ್ನು ಚಿಕ್ಕಮ್ಮ ಹೋಗುವ ಮುಂಚೆ ನನಗೆ ಕಲಿಸಿಯೇ ಹೋದಳು. ಇಷ್ಟು ವರ್ಷವಾಯಿತು, ನಾನು ಹಾಗೆ ಒಂದು ಸಲವೂ ಕೈ ಎತ್ತಿಲ್ಲ.