ಮೂರು ದಿನದ ಸೂತಕ

ಅಕ್ಕ ತೀರಿಕೊಂಡ ಏಳನೇ ದಿನ ನನ್ನನ್ನು ಕೆಲಸದಿಂದ ತೆಗೆದರು. ಎರಡೂ ಒಂದೇ ವಾರದಲ್ಲಿ ಆದದ್ದರಿಂದ, ಬಹಳ ಕಾಲ ನಾನು ಯಾವುದಕ್ಕೆ ದುಃಖಪಡುತ್ತಿದ್ದೇನೆ ಎಂಬುದೇ ನನಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಕೆಲಸ ನೆನೆಸಿಕೊಂಡರೆ ಅಕ್ಕ ಬರುತ್ತಿದ್ದಳು, ಅಕ್ಕನನ್ನು ನೆನೆದರೆ ಕೆಲಸ.

ಧನಗೆರೆಯಲ್ಲಿ ಒಬ್ಬ ದೊಡ್ಡ ರೈತರ ಹುಳುಮನೆಯಲ್ಲಿ ನಾನು ಒಂಬತ್ತು ವರ್ಷ ರೇಷ್ಮೆಹುಳು ಸಾಕಿದೆ. ದಿನಕ್ಕೆ ನಾಲ್ಕು ಸಲ ಸೊಪ್ಪು ಕೊಡಬೇಕು, ತಟ್ಟೆಗಳ ಹಿಕ್ಕೆ ತೆಗೆಯಬೇಕು, ಬಿಸಿಲಿಗೆ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಬೇಕು. ಪೊರೆ ಬಿಡುವ ಮುಂಚೆ ಹುಳು ಮೇವು ನಿಲ್ಲಿಸಿ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ಕಳೆದರೆ ಒಂದು ವಾರ ಹಗಲು ರಾತ್ರಿ ತಿಂದು ಗೂಡು ಕಟ್ಟುತ್ತದೆ. ಹುಳುಮನೆಗೆ ಅಂಟಿಕೊಂಡ ಒಂದು ಸಣ್ಣ ಕೋಣೆಯಲ್ಲಿ ನನ್ನ ವಾಸ. ಮದುವೆ ಆಗಿರಲಿಲ್ಲ.

ಅಕ್ಕ ಒಮ್ಮೆ ಮಾತ್ರ ಅಲ್ಲಿಗೆ ಬಂದಿದ್ದಳು. ಹೊರಗಿನವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಕಿಟಕಿಯ ಜಾಲರಿಗೆ ಮೂಗು ತಾಗಿಸಿ ನೋಡಿದಳು.

"ಇಷ್ಟ್ ಸಾವ್ರ ಮಕ್ಳ ಸಾಕೋನ್ಗೆ ಒಬ್ಳು ಎಂಡ್ತಿ ಸಾಕಾಕಾಗ್ದೇನ್ಲಾ?" ಎಂದಳು.

"ಇವು ಎದುರು ಮಾತಾಡಲ್ಲ ಕನಕ್ಕಾ."

"ನೀನೂ ಚಿಕ್ಕೋನಾಗಿದ್ದಾಗ ಇಂಗೇ ಇದ್ದೆ. ತಿನ್ನೋದು, ಮಲಗೋದು. ಈಗ್ ನೋಡು ಬಾಯಿ."

ಅದು ಸುಳ್ಳಲ್ಲ. ನಮ್ಮ ಅಪ್ಪ ಅವ್ವ ಇಬ್ಬರೂ ಹೋದಾಗ ನನಗೆ ಐದು ವರ್ಷ, ಅವಳಿಗೆ ಹದಿಮೂರು. ಯಳಂದೂರಿನಲ್ಲಿ ಒಂದು ಹೆಂಚಿನ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಅವಳು ಗದ್ದೆಯಲ್ಲಿ ಕಳೆ ಕಿತ್ತು ನನ್ನನ್ನು ಹತ್ತನೇ ಕ್ಲಾಸಿನವರೆಗೆ ಓದಿಸಿದಳು. ನನ್ನ ಪರೀಕ್ಷೆ ಮುಗಿಯುವ ತನಕ ಬಂದ ಗಂಡುಗಳಿಗೆಲ್ಲ ಏನಾದರೊಂದು ಕೊಂಕು ತೆಗೆದು ಕಳಿಸಿದಳು. ಆಮೇಲೆ ಹೂಗ್ಯಂಗೆ ಮದುವೆಯಾಗಿ ಹೋದಳು. ಅವಳಿಗೆ ಮಕ್ಕಳಾಗಲಿಲ್ಲ.

ಯಜಮಾನರ ಮನೆಯಲ್ಲಿ ಸಾವಿಗೆ ಸೂತಕ ಹಿಡಿಯುವ ಪದ್ಧತಿ ಇರಲಿಲ್ಲ. ಅವರ ತಂದೆ ತೀರಿಕೊಂಡ ದಿನ ಸಂಜೆಯೇ ಸ್ನಾನ ಮಾಡಿ ಎಂದಿನಂತೆ ಪೂಜೆ ಮಾಡಿದ್ದನ್ನು ನಾನೇ ನೋಡಿದ್ದೇನೆ. ಆದರೆ ಹುಳುವಿಗೆ ಮಾತ್ರ ಸೂತಕ ಉಂಟು ಎಂದು ಅವರ ತಾಯಿ ನಂಬಿದ್ದರು. ಸುತ್ತಲಿನ ಊರುಗಳಲ್ಲೂ ಹಾಗೆಯೇ. ಸಾವಾದ ಮನೆಯವರು ಹುಳುಮನೆ ಹೊಸಿಲು ದಾಟಬಾರದು, ದಾಟಿದರೆ ಹುಳು ಹಳದಿ ತಿರುಗಿ ಸಾಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಬೇರೆಯವರಿಗೆ ಹೇಳಿದ್ದೇನೆ.

ಅಕ್ಕನಿಗೆ ಎರಡು ದಿನದ ಜ್ವರ ಅಷ್ಟೆ. ಸುದ್ದಿ ಯಜಮಾನರ ಮನೆಯ ಫೋನಿಗೆ ಬೆಳಿಗ್ಗೆ ಬಂತು. ಅವರ ತಾಯಿಯೇ ಹುಳುಮನೆ ಬಾಗಿಲಿಗೆ ಬಂದು ನನ್ನನ್ನು ಹೊರಗೆ ಕರೆದು ಹೇಳಿದರು. ಹುಳು ನಾಲ್ಕನೇ ಜ್ವರದಿಂದ ಎದ್ದೇಳಲು ಎರಡು ದಿನವಿತ್ತು. ಎದ್ದ ಮೇಲಿನ ಆ ಒಂದು ವಾರವೇ ಇಡೀ ಬೆಳೆಯನ್ನು ನಿರ್ಧರಿಸುವುದು.

"ನಿಮ್ಮೋರ್ಗೆ ಎಷ್ಟ್ ದಿನಪ್ಪಾ ಸೂತ್ಕ?" ಎಂದು ಕೇಳಿದರು.

ನಾನು ಕೂಡಲೇ ಹೇಳಿದೆ: "ಮೂರೇ ದಿನ ಕನವ್ವಾ. ಕೊಟ್ಟ ಎಣ್ಣು ಅಲ್ವಾ. ಅವ್ಳು ಬ್ಯಾರೆ ಮನೆಯೋಳು."

ನಮ್ಮಲ್ಲಿ ಲೆಕ್ಕ ಹಾಗೆಯೇ ಇದೆ. ಮದುವೆಯಾದ ಹೆಣ್ಣಿಗೆ ತವರಿನವರು ಹಿಡಿಯುವುದು ಮೂರು ದಿನ, ಹನ್ನೊಂದು ದಿನ ಅವಳ ಗಂಡನ ಮನೆಯವರಿಗೆ. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಯಾರೂ ನನ್ನನ್ನು ಬೇಗ ಬಾ ಎಂದು ಕೇಳಿರಲಿಲ್ಲ. ಮೂರು ದಿನವಾದರೆ ಮನೆಯವರೇ ಹೇಗೋ ಮೇವು ಹಾಕಿಕೊಳ್ಳುತ್ತಿದ್ದರು. ಹನ್ನೊಂದು ದಿನ ಎಂದಿದ್ದರೆ ಪಕ್ಕದೂರಿನಿಂದ ಬೇರೊಬ್ಬನನ್ನು ಕರೆಸುತ್ತಿದ್ದರು, ಆ ಬೇರೊಬ್ಬ ಅಲ್ಲೇ ಉಳಿದುಬಿಟ್ಟರೆ ಎಂಬ ಹೆದರಿಕೆ ನನಗೆ. ಅಕ್ಕ ಸತ್ತ ಸುದ್ದಿ ಕೇಳಿ ಇನ್ನೂ ಕಣ್ಣಲ್ಲಿ ನೀರು ಬಂದಿರಲಿಲ್ಲ, ಅಷ್ಟರಲ್ಲಿ ಆ ಹೆದರಿಕೆ ಬಂದಿತ್ತು.

ಹೂಗ್ಯಂನಲ್ಲಿ ಮಣ್ಣು ಮಾಡಿ, ಮೂರನೇ ದಿನ ಹಾಲುತುಪ್ಪ ಬಿಟ್ಟ ಕೂಡಲೇ ಹೊರಟೆ. ಭಾವ ಬಸ್ಸಿನವರೆಗೆ ಬಂದರು. "ಅನ್ನೊಂದ್ನೇ ದಿನುಕ್ಕಾದ್ರೂ ಬಾರ್ಲಾ" ಎಂದರು. "ಉಳ ಎದ್ದಿರ್ತವೆ ಭಾವ, ನೋಡನ" ಎಂದೆ.

ಧನಗೆರೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಒಗೆದ ಬಟ್ಟೆ ಉಟ್ಟು, ಅರಿಶಿನದ ನೀರು ಚಿಮುಕಿಸಿಕೊಂಡು ನಾಲ್ಕನೇ ದಿನ ಒಳಗೆ ಹೋದೆ. ಹುಳು ಎದ್ದಿದ್ದವು. ಎರಡು ದಿನ ಚೆನ್ನಾಗಿ ಮೇದವು. ಆರನೇ ದಿನ ಬೆಳಿಗ್ಗೆ ಕೆಲವು ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಹರಿದಾಡುತ್ತಿದ್ದವು. ಒಂದನ್ನು ಎತ್ತಿಕೊಂಡೆ. ಮೈ ಉಬ್ಬಿ ಹಳದಿಯಾಗಿತ್ತು. ಬೆರಳಿಗೆ ಹಾಲಿನಂಥ ನೀರು ಅಂಟಿತು. ನೋಡನೋಡುತ್ತ ಸಂಜೆಗೆ ಅರ್ಧ ಮನೆ ಹಾಗಾಯಿತು.

ಮರುದಿನ ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಅವರು ತಟ್ಟೆ ನೋಡಿ, "ಇದು ಹಾಲುರೋಗ. ಸೋಂಕು ತಗುಲಿ ವಾರದ ಮೇಲಾಗಿದೆ. ಹಿಂದಿನ ಬೆಳೆ ಇಳಿದ ಮೇಲೆ ಮನೆಗೆ ಫಾರ್ಮಲಿನ್ ಹೊಡೆದಿದ್ರಾ?" ಎಂದು ಕೇಳಿದರು. ಯಜಮಾನರು ನೆಲ ನೋಡಿದರು. ಆ ಸಲ ಮೊಟ್ಟೆ ಬೇಗ ಬಂದುಬಿಟ್ಟಿದ್ದರಿಂದ ಔಷಧಿ ಹೊಡೆಯುವುದು ಬೇಡ ಎಂದು ಅವರೇ ಹೇಳಿದ್ದರು. ನಾನು ಆ ಮಾತು ಎತ್ತಲಿಲ್ಲ. ಅವರು ಎತ್ತುತ್ತಾರೆ ಎಂದುಕೊಂಡಿದ್ದೆ.

ಇನ್ಸ್‌ಪೆಕ್ಟರ ಸ್ಕೂಟರು ತಿರುವು ದಾಟಿದ ಮೇಲೆ ಯಜಮಾನರ ತಾಯಿ ಜಗಲಿಯಿಂದ ಇಳಿದು ಬಂದರು.

"ಔಸ್ದಿ ಅಂತೆ ಔಸ್ದಿ. ಅವ್ನ್ಗೇನ್ ಗೊತ್ತು? ಲೇ, ನಿನ್ನ ಸಾಕ್ದೋಳು ಯಾರ್ಲಾ?"

"ಅಕ್ಕ ಕನವ್ವಾ."

"ಮೊಲೆ ಆಲ್ ಒಂದ್ ಕೊಡ್ಲಿಲ್ಲ, ಮಿಕ್ಕಿದ್ದೆಲ್ಲಾ ಕೊಟ್ಟವ್ಳೆ. ಅಂಥೋಳ್ಗೆ ಮೂರ್ ದಿನ ಅಂತ ಯಾವ್ ಬಾಯಲ್ ಯೋಳ್ದೆ ನೀನು? ಸಾಕ್ದೋಳು ತಾಯಿ ಕನ್ಲಾ. ತಾಯಿಗೆ ಅನ್ನೊಂದು ದಿನ. ಉಳಕ್ಕೆ ಗೊತ್ತಾಯ್ತು, ನಿಂಗ್ ಗೊತ್ತಾಗ್ಲಿಲ್ಲ."

ಯಜಮಾನರು ಮೆತ್ತಗೆ, "ನಾಳೆಯಿಂದ ಬ್ಯಾಡ ಕಣಪ್ಪಾ. ಅವ್ವ ಒಪ್ಪಲ್ಲ" ಎಂದರು. ಒಂಬತ್ತು ವರ್ಷಕ್ಕೆ ಅಷ್ಟೇ ಮಾತು.

ಹುಳು ಸತ್ತದ್ದು ನನ್ನಿಂದಲ್ಲ ಎಂದು ನನಗೆ ಗೊತ್ತಿತ್ತು. ಆ ಅನ್ಯಾಯಕ್ಕೆ ಜಗಳವಾಡಬಹುದಿತ್ತು. ಆದರೆ ಆ ಮುದುಕಿ ಅಕ್ಕನ ಬಗ್ಗೆ ಹೇಳಿದ್ದು ನಿಜವಾಗಿತ್ತು. ಮರುದಿನ ಬೆಳಿಗ್ಗೆ ಬಟ್ಟೆ ಗಂಟು ಕಟ್ಟಿಕೊಂಡು ಹೊರಟೆ.

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಮಧ್ಯಾಹ್ನದವರೆಗೆ ಕೂತಿದ್ದೆ. ಗೂಡಿನ ಮಾರುಕಟ್ಟೆಯಲ್ಲಿ ಮುಖಪರಿಚಯ ಇದ್ದ ಒಬ್ಬರು, "ಏನ್ಲಾ, ಬೆಳೆ ಎಂಗೈತೆ?" ಎಂದರು. "ಚೆನ್ನಾಗೈತೆ ಸಾ" ಎಂದೆ. ಹನ್ನೊಂದು ಗಂಟೆಗೆ, ಎರಡನೇ ಮೇವಿನ ಹೊತ್ತಿಗೆ, ನನಗೆ ಗೊತ್ತಿಲ್ಲದೆ ಬೆಂಚಿನಿಂದ ಎದ್ದು ನಿಂತಿದ್ದೆ. ಮತ್ತೆ ಕೂತೆ.

ಹೂಗ್ಯಂಗೆ ಹೋಗುವುದೆಂದು ಬಸ್ಸು ಹತ್ತಿದವನು ಹನೂರಿನಲ್ಲೇ ಇಳಿದುಬಿಟ್ಟೆ. ಭಾವನಿಗೆ ಏನು ಹೇಳುವುದು? ಕೆಲಸ ಉಳಿಸಿಕೊಳ್ಳಲು ಹೋದೆ, ಕೆಲಸವೇ ಇಲ್ಲ ಎನ್ನುವುದೇ? ಅಲ್ಲಿನ ಛತ್ರದಲ್ಲಿ ಮೂರು ದಿನ ಉಳಿದೆ. ಮಾಡಲು ಏನೂ ಇರಲಿಲ್ಲ. ಹೋಟೆಲಿನಲ್ಲಿ ಇಡ್ಲಿ ತಿಂದು, ಸಂತೆಮಾಳದ ಕಡೆ ಹೋಗಿ ಬರುತ್ತಿದ್ದೆ. ತಮಿಳು ಮಾತಾಡುವ ಒಂದು ಸಂಸಾರ ಪಕ್ಕದಲ್ಲಿ ತಂಗಿತ್ತು. ಅವರು ತಮ್ಮತಮ್ಮಲ್ಲಿ ಬೈದಾಡಿಕೊಂಡು ಉಣ್ಣುವುದನ್ನು ಕೇಳುತ್ತ ಮಲಗಿರುತ್ತಿದ್ದೆ. ನಾನು ಎಲ್ಲಿದ್ದೇನೆಂದು ಆ ಮೂರು ದಿನ ಲೋಕದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಧನಗೆರೆಯವರು ನಾನು ಹೂಗ್ಯಂನಲ್ಲಿದ್ದೇನೆ ಎಂದುಕೊಂಡಿದ್ದರು, ಹೂಗ್ಯಂನವರು ಧನಗೆರೆಯಲ್ಲಿ ಎಂದು. ಎರಡು ಕಡೆಯೂ ಇಲ್ಲ ಎಂದಾಗ ಹುಡುಕಿಸುತ್ತಿದ್ದವಳು ಒಬ್ಬಳೇ. ಎರಡನೇ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅದು ಹೊಳೆದು ಅತ್ತುಬಿಟ್ಟೆ. ಅವಳು ಹೋದ ಮೇಲೆ ಅತ್ತದ್ದು ಅದೇ ಮೊದಲು.

ಹನ್ನೊಂದನೇ ದಿನ ಬೆಳಿಗ್ಗೆ ಹೂಗ್ಯಂ ತಲುಪಿದೆ. ಹಳ್ಳದ ಬದಿಯಲ್ಲಿ ಕ್ಷೌರ ನಡೆಯುತ್ತಿತ್ತು. ಭಾವನದೂ ಭಾವನ ತಮ್ಮಂದಿರದೂ ಆದ ಮೇಲೆ ನಾನು ಹೋಗಿ ಕಲ್ಲಿನ ಮೇಲೆ ಕೂತೆ.

ಕ್ಷೌರದವರು ಕತ್ತಿ ಒರೆಸುತ್ತ, "ನಿಂದ್ಯಾಕ್ಲಾ? ತವರಿನೋರ್ಗೆ ಮೂರ್ ದಿನುಕ್ಕೇ ಮುಗೀತಲ್ಲಾ" ಎಂದರು.

"ಮಾಡಿ ನೀವು."

"ಸಾಸ್ತ್ರ ಬ್ಯಾಡ್ವಾ? ನಾಳೆ ಯಾರಾರ ನನ್ನ ಕೇಳ್ತಾರೆ."

ಭಾವ ಒದ್ದೆ ಪಂಚೆಯಲ್ಲಿ ನಿಂತಿದ್ದರು. ನನ್ನ ಗಂಟನ್ನೂ ನನ್ನ ಮುಖವನ್ನೂ ನೋಡಿದರು. ಕೆಲಸದ ವಿಷಯ ಅವರಿಗೆ ಆಗಲೇ ಅರ್ಥವಾಯಿತೋ ಏನೋ. "ಬೋಳ್ಸು ಅತ್ಲಾಗಿ. ಮಕ್ಳಿಲ್ಲ ಅಂತ ಊರೋರೆಲ್ಲಾ ಅಂತಿದ್ರು, ಇವ್ನೊಬ್ಬ ಅವ್ನೆ ಅಂತ ಅವ್ಳು ಅಂತಿದ್ಲು" ಎಂದರು.

ತಲೆ ಬೋಳಿಸಿಕೊಂಡದ್ದರಿಂದ ಎದೆ ಹಗುರವಾಯಿತೆಂದು ಹೇಳಲಾರೆ. ನೀರು ತಣ್ಣಗಿತ್ತು, ಬಿಸಿಲು ತಲೆ ಸುಟ್ಟಿತು, ಅಷ್ಟೆ. ಎಡೆಯ ಅನ್ನ ಉಂಡು ಮೂರು ದಿನ ಅಲ್ಲಿದ್ದೆ. ಭಾವ "ಇಲ್ಲೇ ಇರು" ಎಂದರು. ಆದರೆ ಅವಳಿಲ್ಲದ ಒಲೆಯ ಮುಂದೆ ನಾವಿಬ್ಬರು ಗಂಡಸರು ಕೂತು ಉಣ್ಣುವುದು ನನ್ನಿಂದಾಗಲಿಲ್ಲ.

ಯಳಂದೂರಿಗೆ ಹೋಗಿ ಭತ್ತದ ಗಿರಣಿಯಲ್ಲಿ ಕೆಲಸ ಕೇಳಿದೆ. ಅಲ್ಲಿ ಲೆಕ್ಕ ಬರೆಯುವ ರೈಟರು ಹೊಸಬರು, ನನ್ನನ್ನು ಕಂಡವರಲ್ಲ. ನನ್ನ ಬೋಳು ತಲೆ ನೋಡಿ ಪೆನ್ನು ಕೆಳಗಿಟ್ಟರು.

"ಯಾರಪ್ಪಾ ತೀರ್ಕಂಡೋರು?"

"ನಮ್ಮವ್ವ ಸಾ" ಎಂದೆ.

"ದಿನ ಎಲ್ಲಾ ಕಳೀತಾ?"

"ಕಳೀತು ಸಾ."

ಸೋಮವಾರದಿಂದ ಬಾ ಎಂದರು.