ಹಾಲಸ್ವಾಮಿಗೂ ಪವರೇ ಬೇಕು

ನಮ್ಮ ಮನೆಯವರು ಹಾಲಸ್ವಾಮಿ ಹೊನ್ನಾಳಿಯಲ್ಲಿ ಗ್ಯಾರೇಜ್ ಇಟ್ಟವರು. ಬಂದವರಿಗೆಲ್ಲ ಬುದ್ಧಿ ಹೇಳುತ್ತಾರೆ. "ನಿಮ್ಮ ಗಾಡಿಗೆ ಸಾದಾ ಪೆಟ್ರೋಲೇ ಸಾಕ್ರೀ, ಆ ದುಬಾರಿ ಪವರ್ ಪೆಟ್ರೋಲ್ ಹಾಕ್ಸಿದ್ರೆ ಬಂಕಿನೋರಿಗೆ ಲಾಭ ಅಷ್ಟೆ" ಎನ್ನುವುದು ಇವರ ಖಾಯಂ ಮಾತು. ಅಂಥವರು ನಮ್ಮ ಹಳೇ ಕಾರಿಗೆ ಪವರ್ ಹಾಕಿಸತೊಡಗಿದ್ದು ನನ್ನ ತಂಗಿಯ ಗಂಡ ಪ್ರದೀಪ ಹೊಸ ಕಾರು ತಂದ ಮೇಲೆ. ಪ್ರದೀಪ ನಲ್ಲೂರಿನ ಅಡಿಕೆ ವ್ಯಾಪಾರಿ. "ನನ್ನ ಗಾಡಿಗೆ ಪವರ್ ಬಿಟ್ಟು ಬ್ಯಾರೆ ಹಾಕಲ್ಲ" ಎಂದು ಒಮ್ಮೆ ಊಟಕ್ಕೆ ಕೂತಾಗ ಅಂದ. ಅವತ್ತು ಇವರಿಗೆ ಅನ್ನ ಇಳಿಯಲಿಲ್ಲ. ಷಡ್ಡಕನ ಮೇಲಿನ ಹೊಟ್ಟೆಕಿಚ್ಚಿಗೆ ಮದ್ದಿಲ್ಲ.

ನನ್ನ ತವರಿನ ಹೆಣ್ಣುಮಕ್ಕಳೆಲ್ಲ ಮದುಮಗಳಾಗಿ ಛತ್ರಕ್ಕೆ ಹೋದದ್ದು ಇವರ ಕಾರಿನಲ್ಲೇ. ಅದನ್ನು ತೊಳೆದು, ಸೇವಂತಿಗೆ ಹಾರ ಕಟ್ಟಿ, ತಮ್ಮದೇ ಮದುವೆಯೇನೋ ಎಂಬಂತೆ ಬೀಗುತ್ತಿದ್ದರು. ಆದರೆ ಈ ಸಲ ನ್ಯಾಮತಿಯಲ್ಲಿರುವ ನನ್ನ ಅಣ್ಣ, ಮಗಳು ರಕ್ಷಾಳನ್ನು ಚನ್ನಗಿರಿಯ ಛತ್ರಕ್ಕೆ ಕಳಿಸಲು ಪ್ರದೀಪನ ಕಾರಿಗೆ ಹಾರ ಹಾಕಿಸಿದ. ಇವರ ಕಾರಿಗೆ ಸಿಕ್ಕಿದ್ದು ನಾನು, ನನ್ನ ತಂಗಿ ಮತ್ತು ಎರಡು ಬಾಳೆಗೊನೆ.

ಇವರು ಮುಂದಿನ ಕಾರನ್ನೇ ದುರುಗುಟ್ಟಿ ನೋಡುತ್ತ ಓಡಿಸಿದರು. ಹೊನ್ನಾಳಿಯ ಬಂಕಿನಲ್ಲಿ ಎರಡೂ ಕಾರು ನಿಂತವು. ಎರಡರಲ್ಲೂ ಪೆಟ್ರೋಲ್ ತಳ ಹಿಡಿದಿತ್ತು. ಪವರ್ ಖಾಲಿಯಾಗಿದೆ, ಸಾದಾ ಹಾಕಲೇ ಎಂದು ಬಂಕಿನ ಹುಡುಗಿ ಕೇಳಿದಳು.

"ಬ್ಯಾಡಮ್ಮ, ಚನ್ನಗಿರೀಲಿ ಹಾಕಿಸ್ಕೊಂತೀನಿ" ಎಂದು ಪ್ರದೀಪ ಹೊರಟೇಬಿಟ್ಟ.

"ರೀ, ನಾವಾದ್ರೂ ಸಾದಾ ಹಾಕಿಸ್ಕೊಳಾಣ. ಮುಳ್ಳು ಕೆಳಗೈತೆ" ಎಂದೆ.

"ಅವನ ಗಾಡಿ ಹೋಗ್ತೈತೆ ಅಂದ್ರೆ ನಂದೂ ಹೋಗ್ತೈತೆ. ನೀನು ಸುಮ್ನೆ ಕೂತ್ಕ."

ಚನ್ನಗಿರಿ ಇನ್ನೂ ದೂರವಿರುವಾಗಲೇ ಪ್ರದೀಪನ ಕಾರು ಎರಡು ಸಲ ಕೆಮ್ಮಿ ನಿಂತಿತು. ಇವರ ಮುಖದಲ್ಲಿ ಯುಗಾದಿ. ಓಡಿಹೋಗಿ ರಕ್ಷಾಳನ್ನು ಇಳಿಸಿಕೊಂಡರು. "ಬಾರವ್ವ, ನಿಮ್ಮ ಮಾವನ ಗಾಡಿ ಇರಾವಾಗ ನಿಂಗ್ಯಾಕೆ ಚಿಂತೆ" ಎಂದು, ಪ್ರದೀಪನ ಕಾರಿನ ಹಾರವನ್ನೂ ಬಿಚ್ಚಿ ತಮ್ಮದಕ್ಕೆ ಕಟ್ಟಿದರು. ತಂಗಿಯನ್ನು ಅವಳ ಗಂಡನ ಜೊತೆ ರಸ್ತೆಯಲ್ಲೇ ಬಿಟ್ಟು ಹೊರಟೆವು. ಸುಳ್ಳು ಯಾಕೆ ಹೇಳಲಿ, ನನಗೂ ಒಳಗೊಳಗೇ ಖುಷಿಯಾಯಿತು.

ಒಂದು ತಿರುವು ದಾಟುವಷ್ಟರಲ್ಲಿ ನಮ್ಮದೂ ನಿಂತಿತು.

"ಮಾವ, ನೀವು ಮೆಕ್ಯಾನಿಕ್ ಅಲ್ವಾ?" ರಕ್ಷಾ ಅಷ್ಟೇ ಕೇಳಿದಳು.

ಕೊನೆಗೆ, ಅಡುಗೆಯ ಪಾತ್ರೆ ಹೇರಿಕೊಂಡು ಹಿಂದೆ ಬರುತ್ತಿದ್ದ ಲಗೇಜ್ ಆಟೋದಲ್ಲಿ, ಡ್ರೈವರ್ ಪಕ್ಕ ರೇಷ್ಮೆ ಸೀರೆ ಮುದುರಿಕೊಂಡು ಕೂತು ನಮ್ಮ ಮದುಮಗಳು ಹೋದಳು. ಹಾರವನ್ನು ಆಟೋಗೆ ಕಟ್ಟಿಕೊಟ್ಟವರು ಇವರೇ.

ಆಟೋ ಮರೆಯಾದ ಮೇಲೆ ಇವರು ಬಾನೆಟ್ಟಿಗೆ ಒರಗಿ ನಿಂತರು. ಪಾಪ ಅನ್ನಿಸಿ ಹತ್ತಿರ ಹೋದೆ. ಇವರು ಪ್ರದೀಪ ನಿಂತಿದ್ದ ದಿಕ್ಕಿಗೆ ತಿರುಗಿ ಹೇಳಿದರು:

"ಏನೇ ಅನ್ನು ನಿರ್ಮಲ, ಅವನದಕ್ಕಿಂತ ನಮ್ಮದು ಒಂದು ತಿರುವು ಜಾಸ್ತಿ ಓಡ್ತು."