ಅವ್ವನ ಸಾಚಮ್ಮ

"ಅಳ್ಳಿಗೇಟ್ ತಾವ ವಸಿ ನಿಲ್ಸಪ್ಪ, ಇಳ್ಕತೀನಿ" ಎಂದು ಜಪಾನಿನ ಹೆಂಗಸೊಬ್ಬರು ಕಂಡಕ್ಟರಿಗೆ ಹೇಳಿದಾಗ ಯಳಂದೂರಿನ ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಕಂಡಕ್ಟರು ನಗುತ್ತಾ ಬಸ್ಸು ನಿಲ್ಲಿಸಿದ. ಗೇಟಿನ ಬಳಿಯ ಅಂಗಡಿಯವನು ವಿಷಯ ಕೇಳಿ ಒಂದು ಎಳನೀರು ಕೊಚ್ಚಿ ಕೊಟ್ಟ. ಅವರ ಚೀಲ ಹೊತ್ತು ಹಿಂದೆ ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು.

ಏಕೆಂದರೆ ಹಕಾರ ನುಂಗುವ ಅದೇ ಮಾತಿಗೆ ಮೈಸೂರಿನ ಕಾಲೇಜಿನಲ್ಲಿ ನನ್ನನ್ನು ಆಡಿಕೊಂಡು ನಕ್ಕಿದ್ದರು. ಹಾಸ್ಟೆಲಿನ ಕನ್ನಡಿಯ ಮುಂದೆ ನಿಂತು ಹಾಲು, ಹೂವು, ಹಳ್ಳಿ ಎಂದು ನೂರು ಸಲ ಹೇಳಿ ನಾಲಿಗೆ ತಿದ್ದಿಕೊಂಡವಳು ನಾನು. ನಾನು ಬಿಟ್ಟು ಬಂದ ಮಾತನ್ನು ಎತ್ತಿಕೊಂಡು ಈಯಮ್ಮ ಎಳನೀರು ಕುಡಿಯುತ್ತಿದ್ದರು.

ಹದಿನೈದು ವರ್ಷದ ಹಿಂದಿನ ಸಂಗತಿ. ಅವರ ಹೆಸರು ಸಚಿಕೊ. ವಯಸ್ಸು ಐವತ್ತರ ಹತ್ತಿರ. ಗಿಡ್ಡ ಆಳು, ಕಿವಿಯ ಮಟ್ಟಕ್ಕೆ ಕತ್ತರಿಸಿದ ನರೆಗೂದಲು, ಗಂಡಸರ ಅಂಗಿ. ಬಿಳಿ ಗೂಡು ಕಟ್ಟುವ ರೇಷ್ಮೆ ತಳಿಯನ್ನು ನಮ್ಮ ಕಡೆಯ ರೈತರಿಗೆ ಸಾಕಲು ಕಲಿಸಲು ಬಂದಿದ್ದರು. ಕೊಳ್ಳೇಗಾಲದ ಕಚೇರಿಯೊಂದರಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದ ನನಗೆ ಇಂಗ್ಲಿಷ್ ಬರುತ್ತಿತ್ತು. ಅವರ ಮಾತನ್ನು ರೈತರಿಗೆ ದಾಟಿಸುವ ಕೆಲಸ ನನಗೆ ಬಿತ್ತು. ಯಳಂದೂರಿನ ಹತ್ತಿರದ ನಮ್ಮೂರಿಗೆ, ನಮ್ಮದೇ ಹುಳದ ಮನೆ ನೋಡಲು ಅವರನ್ನು ಕರೆತಂದದ್ದೂ ನಾನೇ. ಅವ್ವ ಉಪ್ಸಾರು ಮುದ್ದೆ ಬಡಿಸಿದಳು. ಉಂಡೆದ್ದ ಸಚಿಕೊ ಕೊಳ್ಳೇಗಾಲದ ತಮ್ಮ ರೂಮಿಗೆ ಮರಳಿದ್ದು ಪೆಟ್ಟಿಗೆ ತರಲು ಮಾತ್ರ. ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದರು. ಊರು ಅವರನ್ನು ಸಾಚಮ್ಮ ಮಾಡಿಕೊಂಡಿತು.

ಹುಳದ ಮನೆಗೆ ಕಾಲು ತೊಳೆಯದೆ ಯಾರನ್ನೂ ಬಿಡುತ್ತಿರಲಿಲ್ಲ. ಸೊಪ್ಪನ್ನು ಮೂಸಿ ನೋಡಿಯೇ ಹಾಕುವರು. ಹುಳಗಳು ಮೇವು ಬಿಟ್ಟು ಪೊರೆ ಕಳಚಲು ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಯಾರಾದರೂ ದನಿ ಎತ್ತಿದರೆ, "ಜರ ಬಂದದೆ, ಸುಮ್ಕಿರ್ರವ್ವ" ಎಂದು ನಿಜವಾದ ಕಾಯಿಲೆಯವರ ಮುಂದೆ ನಿಂತವರಂತೆ ಗದರುತ್ತಿದ್ದರು. ನಿಮ್ಮದು ಯಾವೂರು ಎಂದು ಯಾರಾದರೂ ಕೇಳಿದರೆ ಮಾತ್ರ, ಸಮುದ್ರದ ತಾವ ಒಂದೂರು ಎಂದು ಹೇಳಿ ಬೇರೆ ಮಾತಿಗೆ ಹೊರಳುವರು.

ಮೊದಲ ಐದಾರು ತಿಂಗಳು ಅವ್ವನ ಮಾತನ್ನು ಅವರಿಗೆ, ಅವರದನ್ನು ಅವ್ವನಿಗೆ ನಾನು ದಾಟಿಸುತ್ತಿದ್ದೆ. ಆಮೇಲೆ ಅವರಿಗೆ ನನ್ನ ಅಗತ್ಯವೇ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನೊಡನೆ ಆಡುತ್ತಿದ್ದುದು ಬೈಗುಳ ಮತ್ತು ಕೆಲಸದ ಮಾತು, ಅಷ್ಟೇ. ಆ ಅವ್ವ ಸಾಚಮ್ಮನ ಜೊತೆ ಜಗಲಿಯಲ್ಲಿ ಕುಳಿತು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಮೊದಲ ಮುದ್ದೆ ಅವರ ತಟ್ಟೆಗೆ ಬೀಳುತ್ತಿತ್ತು.

ಅವ್ವನ ಬೆನ್ನಿನ ಮೇಲೆ ಅಂಗೈಯಗಲ ತೊನ್ನು ಇತ್ತು. ಗೊತ್ತಾದರೆ ಮಗಳಿಗೆ ಗಂಡು ಸಿಗುವುದಿಲ್ಲವೆಂದು ಅದನ್ನು ಊರಿಗೆಲ್ಲ ಮುಚ್ಚಿಟ್ಟಿದ್ದಳು. ಎಣ್ಣೆ ಹಚ್ಚಲು ನನ್ನನ್ನೂ ಹತ್ತಿರ ಬಿಟ್ಟವಳಲ್ಲ. ಒಂದು ಮಧ್ಯಾಹ್ನ ಕೆಲಸದಿಂದ ಬೇಗ ಬಂದೆ. ಸಾಚಮ್ಮ ಅವ್ವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. ಅವ್ವ ಕಣ್ಣು ಮುಚ್ಚಿಕೊಂಡು ಮಗುವಿನ ಹಾಗೆ ಕೂತಿದ್ದಳು. ನಾನು ಸದ್ದು ಮಾಡದೆ ಹೊರಗೆ ಹೋದೆ. ಆ ದಿನದಿಂದ ಸಾಚಮ್ಮನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ.

ಅಷ್ಟರಲ್ಲಿ ಹನೂರಿನ ಕಡೆಯಿಂದ ಒಂದು ಗಂಡು ಬಂತು. ಹುಡುಗ ಮೇಷ್ಟರು. ಅವನ ಮನೆಯವರು ಜೀಪು ತುಂಬಾ ಬಂದು ಕುಳಿತು, ಸಾಚಮ್ಮನನ್ನು ಮಾತಾಡಿಸಿ ಮಾತಾಡಿಸಿ ನಕ್ಕು, ಅವರೊಂದಿಗೆ ನಿಂತು ಫೋಟೊ ತೆಗೆಸಿಕೊಂಡರು. ನಾನು ಕಾಫಿಯ ತಟ್ಟೆ ಹಿಡಿದು ನಿಂತೇ ಇದ್ದೆ. ನನ್ನನ್ನು ನೋಡಲು ಬಂದವರು ಸಾಚಮ್ಮನನ್ನು ನೋಡಿಕೊಂಡು ಹೋದರು. ಆದರೂ ಹುಡುಗಿ ಒಪ್ಪಿಗೆ, ಮುಂದಿನ ವಾರ ಮಾತುಕತೆಗೆ ಬರುತ್ತೇವೆ ಎಂದು ಹೇಳಿ ಕಳಿಸಿದರು.

ಆ ಸಂಜೆ ಹುಳದ ಮನೆಯಲ್ಲಿ ಸೊಪ್ಪು ಕತ್ತರಿಸುತ್ತಾ ನಾನು ತಡೆದುಕೊಳ್ಳಲಾರದೆ ಅಂದುಬಿಟ್ಟೆ. "ನಿಮಗೇನು ಬಿಡಿ ಮೇಡಂ. ಗಂಡ ಇಲ್ಲ, ಮಕ್ಕಳಿಲ್ಲ, ಯಾರ ಮುಂದೆಯೂ ತಟ್ಟೆ ಹಿಡಿದು ನಿಲ್ಲೋ ಹಾಗಿಲ್ಲ. ಹುಟ್ಟಿದರೆ ನಿಮ್ಮ ಹಾಗೆ ಹುಟ್ಟಬೇಕು."

ಅವರು ಕತ್ತಿ ಕೆಳಗಿಟ್ಟರು. "ನನ್ನೂ ನೋಡಕ್ಕೆ ಬಂದಿದ್ರು ಕಣವ್ವ. ಮೂರು ಸಲ."

ಆಮೇಲೆ ತಮ್ಮೂರಿನ ಹೆಸರು ಹೇಳಿದರು. ಹಿರೋಷಿಮಾ. ಶಾಲೆಯಲ್ಲಿ ಒಂದೇ ಸಾಲಾಗಿ ಓದಿ, ಪರೀಕ್ಷೆಗೆ ಬರೆದು ನಾನು ಮರೆತಿದ್ದ ಹೆಸರು.

ಬಾಂಬು ಬಿದ್ದ ದಿನ ಅವರ ತಾಯಿ ಹನ್ನೆರಡು ವರ್ಷದ ಹುಡುಗಿ, ಊರಾಚೆಯ ಹಳ್ಳಿಯಲ್ಲಿದ್ದಳಂತೆ. ಮಾರನೆಯ ದಿನ ಅಕ್ಕನನ್ನು ಹುಡುಕಲು ಅಪ್ಪನ ಜೊತೆ ಊರೊಳಗೆ ಹೋದಳು. ನದಿಯ ದಂಡೆಯಲ್ಲಿ ಸಾಲಾಗಿ ಮಲಗಿಸಿದ್ದವರ ಮುಖಗಳು ಗುರುತು ಹಿಡಿಯುವಂತಿರಲಿಲ್ಲ. ಅಪ್ಪ ಒಬ್ಬೊಬ್ಬರ ಕಿವಿಯ ಬಳಿ ಬಾಗಿ ಮಗಳ ಹೆಸರು ಕರೆಯುತ್ತಾ ನಡೆದ. ಒಂದು ಹುಡುಗಿ 'ಓ' ಎಂದಿತು. ಅದು ಅವನ ಮಗಳಲ್ಲ. ಆದರೂ ಅವನು ಆ ಹುಡುಗಿಯ ಉಸಿರು ನಿಲ್ಲುವವರೆಗೆ ಪಕ್ಕದಲ್ಲೇ ಕೂತಿದ್ದ. ಅಕ್ಕ ಸಿಗಲೇ ಇಲ್ಲ. ಮೈಮೇಲೆ ಒಂದು ಗಾಯವೂ ಆಗದ ಆ ಅಪ್ಪ ಬಾಂಬಿನ ವಿಷ ತಗುಲಿ ತಿಂಗಳೊಳಗೆ ಸತ್ತ. ಹನ್ನೆರಡರ ಹುಡುಗಿ ತಲೆಗೂದಲೆಲ್ಲ ಉದುರಿ, ವಸಡಿನಲ್ಲಿ ರಕ್ತ ಬಂದರೂ ಹೇಗೋ ಬದುಕಿಕೊಂಡಳು.

ದೊಡ್ಡವಳಾಗಿ, ಮದುವೆಯಾದ ಮೇಲೂ, ಮಾರನೆಯ ದಿನವೇ ಊರೊಳಗೆ ಹೋಗಿದ್ದೆನೆಂದು ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಸರ್ಕಾರದಿಂದ ಔಷಧಿ ಸಿಗುತ್ತಿತ್ತು. ಮಗಳ ಮದುವೆಗೆ ತೊಂದರೆ ಎಂದು ಅದನ್ನೂ ಬಿಟ್ಟಳು. ಆದರೆ ಗಂಡಿನ ಕಡೆಯವರು ವಿಚಾರಿಸಲು ಜನ ಕಳಿಸುತ್ತಿದ್ದರು. ಎರಡು ಸಂಬಂಧ ಹಾಗೇ ತಪ್ಪಿದವು. ಮೂರನೆಯವನು ಸಾಚಮ್ಮನನ್ನು ಮೆಚ್ಚಿದ್ದ, ಏನಾದರಾಗಲಿ ಎಂದಿದ್ದ. ಅವನ ತಾಯಿ ಬಂದು ಚಾಪೆಗೆ ಹಣೆ ಹಚ್ಚಿ ಅತ್ತಳು. ಮೊಮ್ಮಗು ಏನಾಗಿ ಹುಟ್ಟುತ್ತದೋ, ನನ್ನ ಮಗನನ್ನು ಬಿಟ್ಟುಬಿಡು ಎಂದಳು.

"ಡಾಕ್ಟ್ರು ನನ್ ರಕ್ತ ನೋಡಿ ಏನೂ ಇಲ್ಲ ಅಂದಿದ್ರು. ಡಾಕ್ಟ್ರು ಮಾತು ಕೇಳಿ ಯಾರು ಎಣ್ಣು ತಕಂಡಾರು?" ಎಂದರು ಸಾಚಮ್ಮ. "ನಾನೇ ಬ್ಯಾಡ ಅಂದೆ. ಆಮ್ಯಾಕೆ ಹುಳ ಸಾಕಕ್ಕೆ ಒಂಟೋದೆ."

ನಾನು ಎದ್ದು ಹೋಗಿ ಅವ್ವನಿಗೆ ಹೇಳಿದೆ. "ಗೊತ್ತು ಕಣೆ. ಓದ್ ವರ್ಸವೇ ಯೋಳಿದ್ಲು" ಎಂದಳು ಅವ್ವ. ಇಂಥ ಕಥೆ ಕೇಳಿ ಬಂದ ಗಳಿಗೆಯಲ್ಲೂ ನನಗೆ ಹೊಟ್ಟೆಕಿಚ್ಚಾಯಿತು. ನಾಚಿಕೆಯಾಗುತ್ತದೆ, ಆದರೂ ಇದ್ದದ್ದು ಅದೇ.

ಇಂಥದ್ದನ್ನೇ ಮುಚ್ಚಿಟ್ಟು ಮದುವೆಯಾಗಲು ಮನಸ್ಸಾಗದೆ ಎರಡು ದಿನ ಒದ್ದಾಡಿದೆ. ಮೂರನೇ ದಿನ ಹನೂರಿನ ಮೇಷ್ಟರಿಗೆ ಫೋನ್ ಮಾಡಿ ಅವ್ವನ ತೊನ್ನಿನ ವಿಷಯ ಹೇಳಿದೆ. ಯೋಚಿಸಿ ತಿಳಿಸುತ್ತೇನೆ ಎಂದರು. ತಿಳಿಸಲಿಲ್ಲ. ವಿಷಯ ಊರಿಗೆಲ್ಲ ಹರಡಿತು. ಅವ್ವ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಏನಿದ್ದರೂ ಸಾಚಮ್ಮನ ಬಾಯಲ್ಲಿ ಹೇಳಿ ಕಳಿಸುತ್ತಿದ್ದಳು. ನಮ್ಮಿಬ್ಬರ ನಡುವೆ ಈಗ ಮಾತು ದಾಟಿಸುತ್ತಿದ್ದವರು ಅವರು. ನನ್ನ ಪರವಾಗಿ ಅವ್ವನ ಹತ್ತಿರ ಏನು ಹೇಳಿದರೋ ತಿಳಿಯದು. ಒಂದು ಬೆಳಿಗ್ಗೆ ಅವ್ವ ಎಣ್ಣೆಯ ಬಟ್ಟಲು ತಂದು, ನನ್ನ ಮುಂದೆ ಬೆನ್ನು ಮಾಡಿ ಕುಳಿತಳು. ಮರುವರ್ಷ ಕೊಳ್ಳೇಗಾಲದಲ್ಲಿ ಗೂಡಿನ ವ್ಯಾಪಾರ ಮಾಡುತ್ತಿದ್ದವರೊಬ್ಬರನ್ನು ಮದುವೆಯಾದೆ. ಅವರಿಗೂ ಮೊದಲೇ ಎಲ್ಲ ಹೇಳಿದ್ದೆ. ಅದಕ್ಕೇನೀಗ ಎಂದರು.

ನನ್ನ ಮದುವೆಯ ಮುಂಚೆಯೇ ಸಾಚಮ್ಮ ಹೊರಟರು. ಅವರ ತಾಯಿ ಹಾಸಿಗೆ ಹಿಡಿದಿದ್ದರು. ಅವ್ವ ಮನೆಬಾಗಿಲಲ್ಲೇ ನಿಂತುಬಿಟ್ಟಳು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿಗೆ ಬಿಡಲು ಬಂದವಳು ನಾನೊಬ್ಬಳೇ. ಬೆಂಗಳೂರಿನ ಬಸ್ಸು ಬರುವವರೆಗೆ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆವು. ಇಷ್ಟು ದಿನ ನಿಮ್ಮ ಮೇಲೆ ಹೊಟ್ಟೆಕಿಚ್ಚು ಪಟ್ಟೆ, ತಪ್ಪು ತಿಳಿಯಬೇಡಿ ಎಂದೆ.

"ನಂಗೂ ನಿನ್ನ ಕಂಡ್ರೆ ಒಟ್ಟೆಕಿಚ್ಚೆ ಕಣವ್ವ" ಎಂದರು. "ನಿಮ್ಮವ್ವ ಬೆಳಗೆದ್ದು ನಿಂಗೆ ಬೈತಾಳೆ. ನಮ್ಮವ್ವ ಒಂದು ದಿನಾನೂ ನನ್ನ ಬೈನಿಲ್ಲ. ನನ್ನೊಟ್ಟೇಲಿ ನಿನ್ನ ಎತ್ತಿದ್ದು ತಪ್ಪಾಯ್ತು ಅಂತ ಕೈ ಮುಗೀತಿದ್ಲು. ಸಣ್ಣೋಳಿದ್ದಾಗಿಂದ ಅದನ್ನೇ ಕೇಳಿವ್ನಿ."

ಬಸ್ಸು ಬಂತು. ಚೀಲ ಎತ್ತಿ ಕೊಟ್ಟೆ.

ಅವರ ತಾಯಿ ಅದೇ ವರ್ಷ ಹೋದರು. ಸಾಚಮ್ಮ ಮತ್ತೆ ಬರಲಿಲ್ಲ. ಆಗಾಗ ಕಾಗದ ಬರುತ್ತಿತ್ತು, ಆಮೇಲೆ ಫೋನು, ಆಮೇಲೆ ಅದೂ ಕಡಿಮೆಯಾಯಿತು. ಹೋದ ವರ್ಷ ಅವರ ತಮ್ಮನ ಮಗಳು ನನಗೆ ಬರೆದಳು. ಅತ್ತೆ ಕಾಯಿಲೆಯಿಂದ ತೀರಿಕೊಂಡರು ಎಂದಿತ್ತು. ಆ ಕಾಯಿಲೆಗೂ ಆ ಬಾಂಬಿಗೂ ಸಂಬಂಧ ಇದೆಯೋ ಇಲ್ಲವೋ ಯಾರೂ ಹೇಳಲಾರರಂತೆ. ಬದುಕಿರುವಷ್ಟು ದಿನವೂ ಆ ಪ್ರಶ್ನೆ ಅವರ ಜೊತೆಗೇ ಇತ್ತು ಎಂದು ಬರೆದಿದ್ದಳು.

ಹಳ್ಳಿಗೆ ಹೋಗಿ ಅವ್ವನಿಗೆ ಹೇಳಿದೆ. ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಕೈಯಲ್ಲಿದ್ದ ಕಂತೆ ಮುಗಿಯುವವರೆಗೆ ಹಾಕಿದಳು. ಆಮೇಲೆ ಹಿತ್ತಿಲಿಗೆ ಹೋಗಿ ನೆಲದ ಮೇಲೆ ಕುಳಿತು, ದನಿ ತೆಗೆದು ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತಿದ್ದನ್ನು ನಾನು ಕಂಡಿರಲಿಲ್ಲ. ಬಾಗಿಲ ಹಿಂದೆ ನಿಂತು, ನನಗೂ ಇವಳು ಹೀಗೆ ಅಳುತ್ತಾಳಾ ಎಂದು ಯೋಚಿಸಿದೆ. ಆಮೇಲೆ ಹೋಗಿ ಅವಳ ಪಕ್ಕದಲ್ಲಿ ಕುಳಿತು ನಾನೂ ಅತ್ತೆ.